ಗಂಟೆಗೆ ಕಿವಿ ಕೊಟ್ಟ ಮೈಕಣ್ಣ

"ಈ ಭಾನುವಾರ ಎಲ್ಲರೂ ಗಂಟೆ ಗೋಪುರ ಹತ್ತೋದೇ! ಮಧ್ಯಾಹ್ನ ಅದು ಹನ್ನೆರಡು ಬಾರಿಸೋವಾಗ ನಾನು ಅದರ ಪಕ್ಕದಲ್ಲೇ ನಿಂತಿರ್ತೀನಿ. ಕಿವಿ ಮುಚ್ಕೊಂಡ್ರೆ ಆಮೇಲೆ ಹೇಳಿ!"

ಹೀಗೆಂದು ಮೈಕಣ್ಣ ಊಟದ ಮೇಜನ್ನು ಗುದ್ದಿದ. ಘೋಷಣೆಯ ಮೊದಲ ಫಲವಾಗಿ ನೀರಿನ ಲೋಟ ಮಗುಚಿ ಅತ್ತೆಯ ತಟ್ಟೆ ಕೆರೆಯಾಯಿತು.

ಮೈಕಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ದೊಡ್ಡ ರಸ್ತೆಯಲ್ಲಿ ಅವನದೊಂದು ಮೈಕ್ ಅಂಗಡಿ. ಮದುವೆಗೆ, ಭಾಷಣಕ್ಕೆ, ಶಾಲೆಯ ಆಟೋಟಕ್ಕೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಕೆಲಸ. ಈ ಕಸುಬಿಗೆ ಕಿವಿಯೇ ಬಂಡವಾಳ. ಸ್ಪೀಕರು ಒಮ್ಮೆ ಕೆಮ್ಮಿದರೆ ಸಾಕು, ಯಾವ ವೈರು ಸಡಿಲವಾಗಿದೆ ಎಂದು ಬೀದಿಯ ಆ ತುದಿಯಿಂದಲೇ ಹೇಳಬಲ್ಲ ಮಹಾನುಭಾವ! ಇಷ್ಟು ಸೂಕ್ಷ್ಮವಾದ ಕಿವಿಗೆ ಮನೆಯವರ ಮಾತು ಮಾತ್ರ ಬೀಳುವುದಿಲ್ಲ ಎನ್ನುವುದು ಹೆಂಡತಿಯ ಬಹುಕಾಲದ ದೂರು. ಆ ದೂರೂ ಅವನ ಕಿವಿಗೆ ಬಿದ್ದಿರಲಿಲ್ಲ.

ಅತ್ತೆಯದು ಇದಕ್ಕೆ ತದ್ವಿರುದ್ಧವಾದ ಜಗತ್ತು. ಆಕೆ ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಬದುಕಿನಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು "ಶ್!" ಅಂಥವರಿಗೆ ಮೈಕ್ ಅಂಗಡಿಯ ಅಳಿಯ! ಮಗಳ ಮನೆಗೆ ಬಂದು ವಾರವಾಗಿತ್ತು, ಅಳಿಯನ ಬಗ್ಗೆ ಅವರು ಒಂದೇ ಒಂದು ಒಳ್ಳೆಯ ಮಾತು ಆಡಿದ್ದರು: "ಮಲಗಿದಾಗ ಪರವಾಗಿಲ್ಲ."

ಆದ್ದರಿಂದಲೇ ಈ ಪ್ರವಾಸ. ಅತ್ತೆಯ ಮುಂದೆ ತನ್ನ ಕಿವಿಯ ಕೀರ್ತಿಪತಾಕೆ ಹಾರಿಸಲೇಬೇಕು ಎಂದು ಮೈಕಣ್ಣ ಪಣ ತೊಟ್ಟಿದ್ದ.

"ರೀ, ಅಲ್ಲಿ ಭಾರೀ ಶಬ್ದ ಇರುತ್ತಂತೆ," ಎಂದಳು ಹೆಂಡತಿ, ಮೇಜು ಒರೆಸುತ್ತ.

"ಶಬ್ದ ಅಂದ್ರೆ ನಾನು, ನಾನು ಅಂದ್ರೆ ಶಬ್ದ!"

"ಅದು ಗೊತ್ತಿರೋದೇ," ಎಂದರು ಅತ್ತೆ, ತಟ್ಟೆಯ ನೀರು ಬಗ್ಗಿಸುತ್ತ.

ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ನಾಲ್ವರೂ ಹೊರಟರು: ಮೈಕಣ್ಣ, ಹೆಂಡತಿ, ಅತ್ತೆ, ಮತ್ತು ದಾರಿಯುದ್ದಕ್ಕೂ ಪ್ರಶ್ನೆ ಕೇಳುವ ಮಗಳು. ಗೋಪುರ ಪಕ್ಕದ ಊರಿನ ಚೌಕದಲ್ಲಿ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿತ್ತು. ಅದರ ಬುಡಕ್ಕೇ ಅಂಟಿಕೊಂಡಂತೆ ಊರಿನ ಸಭಾಂಗಣ. ಬಾಗಿಲಿಗೆ 'ವಾರ್ಷಿಕ ಗಾಯನ ಸ್ಪರ್ಧೆ' ಎಂಬ ಬಟ್ಟೆ ಕಟ್ಟಿದ್ದರು. ಒಳಗೆ ಯಾರೋ ಕುರ್ಚಿ ಎಳೆಯುತ್ತಿದ್ದರು, ಇನ್ಯಾರೋ ಮೈಕಿಗೆ "ಹಲೋ, ಹಲೋ" ಎನ್ನುತ್ತಿದ್ದರು.

"ಬೇರೆಯವರ ಅಂಗಡಿಯ ಮೈಕು," ಎಂದ ಮೈಕಣ್ಣ ಮೂಗು ಮುರಿದು. "ನೆಗಡಿ ಬಂದಿದೆ ಅದಕ್ಕೆ!"

ಗೋಪುರ ತೋರಿಸುವ ಕೆಲಸ ಒಬ್ಬ ದಪ್ಪ ಹೆಂಗಸಿನದು. ಒಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು, ಇನ್ನೊಂದರಲ್ಲಿ ಹತ್ತಿಯ ಉಂಡೆ. "ಹನ್ನೆರಡು ಹೊಡೆಯೋ ಹೊತ್ತಿಗೆ ಮೇಲೆ ಇರೋರು ಕಿವಿಗೆ ಹತ್ತಿ ಇಟ್ಕೊಳ್ಳಿ. ಬೇಡ ಅನ್ನೋರು ಅಷ್ಟರೊಳಗೆ ಇಳ್ದುಬಿಡಿ," ಎಂದು ಎಲ್ಲರಿಗೂ ಹಂಚಿದಳು. ಮೈಕಣ್ಣ ಹತ್ತಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಜಿರಳೆಯನ್ನು ನೋಡುವಂತೆ ನೋಡಿ, ಹಿಂದಿರುಗಿಸಿದ.

"ನಾನು ವೃತ್ತಿಪರ," ಎಂದ.

"ಏನು ವೃತ್ತಿ, ಕಿವುಡುತನವಾ?" ಎಂದಳು ಆಕೆ.

ಸುರುಳಿ ಮೆಟ್ಟಿಲು ಶುರುವಾಯಿತು. ಇಬ್ಬರು ಎದುರಾದರೆ ಒಬ್ಬರು ಉಸಿರು ಬಿಡುವಂತಿಲ್ಲ, ಅಷ್ಟು ಇಕ್ಕಟ್ಟು. ಅತ್ತೆ ಪ್ರತಿ ತಿರುವಿನಲ್ಲೂ ನಿಂತು ಮಂಡಿ ನೀವಿಕೊಂಡರು. "ಗೋಪುರ ಯಾರಪ್ಪಾ ಇಷ್ಟು ಎತ್ತರ ಕಟ್ಟಿದ್ದು?" ಎಂದು ಮಗಳು ಕೇಳಿದಳು. "ಕೆಳಗೆ ಜಾಗ ಇರದೇ ಇರೋರು," ಎಂದ ಮೈಕಣ್ಣ, ಏದುಸಿರು ಬಿಡುತ್ತ. ಕೊನೆಗೆ ಮರದ ನೆಲದ ಒಂದು ಕೋಣೆ. ನಾಲ್ಕೂ ಕಡೆ ಬಾಗಿಲಿಲ್ಲದ ಕಿಟಕಿ, ತೊಲೆಯ ಮೇಲೆ ಪಾರಿವಾಳ, ನಡುವೆ ಹಸಿರು ಹಿಡಿದ ಮಹಾಗಂಟೆ. ಅದರೊಳಗೆ ಮೂವರು ಕೂತು ಕಾಫಿ ಕುಡಿಯಬಹುದು, ಅಷ್ಟು ದೊಡ್ಡದು! ಪಕ್ಕದಲ್ಲಿ ಯಂತ್ರದ ತೋಳಿಗೆ ಸಿಕ್ಕಿಸಿದ ಸುತ್ತಿಗೆ.

ಎಲ್ಲರೂ ಕಿಟಕಿಯಿಂದ ಊರು ನೋಡಿದರು. ಮೈಕಣ್ಣ ಊರು ನೋಡಲಿಲ್ಲ. ಊರೇ ತನ್ನನ್ನು ನೋಡಬೇಕು ಎಂಬಂತೆ ಗಂಟೆಯ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ರೀ, ಈ ಕಡೆ ಬನ್ನಿ," ಎಂದಳು ಹೆಂಡತಿ.

"ಅಪ್ಪಾ, ಹತ್ತಿ ಬೇಕಾ? ನಂದು ಅರ್ಧ ಕೊಡ್ತೀನಿ," ಎಂದಳು ಮಗಳು.

"ಅಳಿಯಂದ್ರೇ, ಹೇಳಿದ್ದು ಕೇಳಿ," ಎಂದರು ಅತ್ತೆ.

ಮೈಕಣ್ಣ ಯಾರ ಮಾತಿಗೂ ಕಿವಿ ಕೊಡಲಿಲ್ಲ. ಎರಡನ್ನೂ ಗಂಟೆಗೇ ಮೀಸಲಿಟ್ಟಿದ್ದ!

ಯಂತ್ರ ಗೊರಗೊರ ಎಂದಿತು. ಸುತ್ತಿಗೆ ಎದ್ದಿತು.

ಡಾಂ!

ಮೊದಲನೆಯದಕ್ಕೆ ಮೈಕಣ್ಣನ ಕನ್ನಡಕ ಮೂಗಿನ ತುದಿಗೆ ಬಂತು. ಆದರೂ ನಕ್ಕ. ಎರಡನೆಯದಕ್ಕೆ ಹಲ್ಲುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಮೂರನೆಯದಕ್ಕೆ ಹೊಟ್ಟೆಯಲ್ಲಿದ್ದ ಬೆಳಗಿನ ತಿಂಡಿ ಎದ್ದು ಕೂತಿತು. ನಾಲ್ಕು. ಐದು. ಮುಖದ ಮೇಲೆ ನಗು ಹಾಗೇ ಇತ್ತು. ಅದನ್ನು ತೆಗೆಯುವ ಶಕ್ತಿ ಮಾತ್ರ ಉಳಿದಿರಲಿಲ್ಲ. ಆಮೇಲೆ ಥಟ್ಟನೆ ಎಲ್ಲ ಶಾಂತ. ಎಂಥ ಶಾಂತಿ! ಪಾರಿವಾಳದ ಗುಟುರು ಕೂಡ ಇಲ್ಲ.

"ಇಷ್ಟೇನಾ!" ಎಂದು ಮೈಕಣ್ಣ ವಿಜಯೋತ್ಸಾಹದಿಂದ ಕೂಗಿದ. "ಹನ್ನೆರಡು ಅಂದ್ರಿ, ಐದಕ್ಕೇ ಸುಸ್ತಾಗಿ ನಿಂತ್ಹೋಯ್ತಲ್ಲ!"

ತನ್ನ ಕೂಗು ತನಗೇ ಕೇಳಿಸದಿದ್ದುದು ಸ್ವಲ್ಪ ವಿಚಿತ್ರವೆನಿಸಿತು. ತಿರುಗಿ ನೋಡಿದ. ಸುತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು, ಬೀಳುತ್ತಿತ್ತು. ಗಂಟೆ ನಡುಗುತ್ತಿತ್ತು. ಹತ್ತಿಯಿಟ್ಟ ಕಿವಿಗಳ ಮೇಲೆ ಅಂಗೈಯನ್ನೂ ಒತ್ತಿಕೊಂಡು ಮೂವರೂ ಮೂಲೆಯಲ್ಲಿ ಕುಗ್ಗಿ ನಿಂತಿದ್ದರು. ಮೈಕಣ್ಣನಿಗೆ ಕೇಳುತ್ತಿದ್ದುದು ಒಂದೇ: ಎಲ್ಲೋ ದೂರದಲ್ಲಿ ಒಂದು ಸೊಳ್ಳೆ, ಕುಂಯ್.

ಕಿವಿ ಹೋಗಿತ್ತು!

ಬಂಡವಾಳವೇ ಮುಳುಗಿದ ಮೇಲೆ ಅಂಗಡಿ ಏನಾಗಬೇಕು? ಅದಕ್ಕಿಂತ ಭಯಂಕರವಾದ ಇನ್ನೊಂದು ಯೋಚನೆ ಅದರ ಬೆನ್ನಿಗೇ ಬಂತು: ಅತ್ತೆಗೆ ಗೊತ್ತಾದರೆ? ಮೊದಲನೆಯದನ್ನು ಡಾಕ್ಟರು ನೋಡಿಕೊಂಡಾರು. ಎರಡನೆಯದಕ್ಕೆ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ. ಹಾಗಾಗಿ ಅಲ್ಲೇ, ಆ ಗಂಟೆಯ ಸನ್ನಿಧಿಯಲ್ಲೇ, ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದ. ಯಾರು ಏನೇ ಅಂದರೂ ನಗುವುದು, ತಲೆಯಾಡಿಸುವುದು, ತೀರಾ ಒತ್ತಾಯ ಮಾಡಿದರೆ "ನೋಡೋಣ, ನೋಡೋಣ" ಎನ್ನುವುದು. ಸಂಸಾರದಲ್ಲಿ "ನೋಡೋಣ" ಸಲ್ಲದ ಪ್ರಶ್ನೆ ಯಾವುದಿದೆ?

ಇಳಿಯುವಾಗ ಹೆಂಡತಿ ಏನೋ ಹೇಳಿದಳು. ತಲೆಯಾಡಿಸಿದ. ಮಗಳು ತೋಳು ಜಗ್ಗಿ ಏನೋ ಕೇಳಿದಳು. ನೋಡೋಣ ಎಂದ. ಅತ್ತೆ ಮಂಡಿ ತೋರಿಸಿ ಏನೋ ಎಂದರು. ನಕ್ಕುಬಿಟ್ಟ, ಅದು ನಗುವ ವಿಷಯವಾಗಿರಲಿಲ್ಲವೆಂದು ಅವರ ಮುಖ ನೋಡಿ ತಿಳಿಯಿತು. ಆಶ್ಚರ್ಯವೆಂದರೆ ಯಾರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ. ಅವನು ಯಾವತ್ತು ಮಾತು ಕೇಳಿಸಿಕೊಂಡಿದ್ದನೆಂದು ಇವತ್ತು ಅನುಮಾನ ಬರಬೇಕು?

ಕೆಳಗೆ ಬರುವಷ್ಟರಲ್ಲಿ ಸಭಾಂಗಣದ ಮುಂದೆ ಗಲಾಟೆಯೋ ಗಲಾಟೆ. ಮೈಕಣ್ಣನ ಪಾಲಿಗೆ ಅದು ಬರೀ ಕೈಕಾಲುಗಳ ಗಲಾಟೆ. ಬೆವರು ಒರೆಸಿಕೊಳ್ಳುತ್ತಿದ್ದ ಒಬ್ಬ ತೆಳ್ಳನೆಯ ಮನುಷ್ಯ, ಅವನೇ ಸ್ಪರ್ಧೆಯ ಕಾರ್ಯದರ್ಶಿ, ಮೈಕಣ್ಣನನ್ನು ಕಂಡವನೇ ಓಡಿಬಂದ. ಆಗ ನಡೆದ ಮಾತುಕತೆ, ಆಮೇಲೆ ಹೆಂಡತಿ ತಿಳಿಸಿದ ಪ್ರಕಾರ, ಹೀಗಿತ್ತು.

"ನೀವು ಪಕ್ಕದೂರಿನ ಮೈಕಣ್ಣ ಅಲ್ವೇ?"

ಮೈಕಣ್ಣ ನಕ್ಕ.

"ಭಾರೀ ಸೂಕ್ಷ್ಮ ಕಿವಿ ಅಂತಾರೆ ನಿಮ್ದು?"

ತಲೆಯಾಡಿಸಿದ.

"ನಮ್ಮ ತೀರ್ಪುಗಾರರು ಕೈಕೊಟ್ರು ಸಾರ್! ಹೊಟ್ಟೆನೋವಂತೆ. ಹೊಟ್ಟೆನೋವೂ ಇಲ್ಲ ಏನೂ ಇಲ್ಲ, ಹೆದರಿಕೆ! ಹಲ್ಲಿನ ಡಾಕ್ಟರ ಮಗಳೂ ಹಾಡ್ತಾಳೆ, ಬ್ಯಾಂಕ್ ಮ್ಯಾನೇಜರ ತಮ್ಮನೂ ಹಾಡ್ತಾನೆ. ಇವಳಿಗೆ ಕೊಟ್ರೆ ಅವರು ಕುರ್ಚಿ ಎಸೀತಾರೆ, ಅವನಿಗೆ ಕೊಟ್ರೆ ಇವರು ಎಸೀತಾರೆ. ಪ್ರತಿ ವರ್ಷ ಇದೇ ಗೋಳು. ಈ ವರ್ಷ ಮತ್ತೆ ಗಲಾಟೆ ಆದ್ರೆ ಸ್ಪರ್ಧೆನೇ ನಿಲ್ಲಿಸ್ತೀವಿ ಅಂದಿದಾರೆ ಮೇಲಿನವರು. ಸಾರ್, ನೀವು ಡಾಕ್ಟರ ಕಡೆಯೋ, ಬ್ಯಾಂಕಿನ ಕಡೆಯೋ?"

"ನೋಡೋಣ, ನೋಡೋಣ," ಎಂದ ಮೈಕಣ್ಣ.

"ಅಬ್ಬಾ! ಇಂಥ ಪಕ್ಷಪಾತ ಇಲ್ಲದ ಮನುಷ್ಯನೇ ಬೇಕಾಗಿತ್ತು!" ಎಂದ ಕಾರ್ಯದರ್ಶಿ, ಮೊಣಕೈ ಹಿಡಿದು ಎಳೆದುಕೊಂಡೇ ಹೋದ.

ಮೈಕು ಕೆಟ್ಟಿರಬೇಕು, ರಿಪೇರಿಗೆ ಕರೆಯುತ್ತಿದ್ದಾರೆ ಎಂದುಕೊಂಡು ಮೈಕಣ್ಣ ಜಂಬದಿಂದಲೇ ನಡೆದ. ನೋಡಿದರೆ ವೇದಿಕೆಯ ಕೆಳಗೆ ಮೇಜು, ಮೇಜಿಗೆ ಬಿಳಿ ಬಟ್ಟೆ, ಒಂದು ಪೆನ್ಸಿಲು, ಒಂದು ಹೂಜಿ ನೀರು. ಕೂರಿಸಿದರು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಹುಡುಗಿ ವೇದಿಕೆಗೆ ಬಂದು ಮೈಕಣ್ಣನಿಗೆ ನಮಸ್ಕರಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದಳು.

ಆಗ ಹೊಳೆಯಿತು. ಹೊಳೆದದ್ದೇ ತಡ, ಮೈಕಣ್ಣ ಹೂಜಿಯ ನೀರನ್ನು ಅರ್ಧ ಖಾಲಿ ಮಾಡಿದ. ಗಾಯನ ಸ್ಪರ್ಧೆಗೆ ಕಿವುಡ ತೀರ್ಪುಗಾರ! ಎದ್ದು ಓಡೋಣವೆಂದರೆ ಬಾಗಿಲ ತುಂಬ ಜನ. ನಿಜ ಹೇಳೋಣವೆಂದರೆ ಮುಂದಿನ ಸಾಲಿನಲ್ಲೇ, ಹೆಂಡತಿ ಮಗಳ ನಡುವೆ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತೆ!

ಹುಡುಗಿಯ ಕುತ್ತಿಗೆಯ ನರ ನೋಡಿದ. ಉಬ್ಬಿತ್ತು, ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಜನರ ಕಡೆ ನೋಡಿದ. ಎಡಗಡೆಯವರು ಕುಣಿಯುತ್ತಿದ್ದರು, ಬಲಗಡೆಯವರು ಕೈಕಟ್ಟಿ ಕೂತಿದ್ದರು. ಆಮೇಲೆ ಒಬ್ಬ ಯುವಕ ಬಂದು, ಸೊಳ್ಳೆ ಓಡಿಸುವವನಂತೆ ಕೈ ಆಡಿಸುತ್ತ ಹಾಡಿದ. ಈಗ ಬಲಗಡೆಯವರು ಕುಣಿದರು, ಎಡಗಡೆಯವರು ಚಾವಣಿ ನೋಡಿದರು. ಇಬ್ಬರಲ್ಲಿ ಯಾರು ಡಾಕ್ಟರು, ಯಾರು ಬ್ಯಾಂಕು ಎಂಬುದು ಗೊತ್ತಿಲ್ಲದ ಮೈಕಣ್ಣನಿಗೂ ಒಂದು ಗೊತ್ತಾಯಿತು: ಇಲ್ಲಿ ಕುರ್ಚಿಗಳು ಹಗುರವಾಗಿವೆ, ತನ್ನ ಮೇಜು ಹತ್ತಿರದಲ್ಲಿದೆ.

ಅಂಥ ಸಂಕಟದ ಗಳಿಗೆಯಲ್ಲಿ ಅವನ ಕಣ್ಣು ಅತ್ತೆಯ ಮುಖದ ಮೇಲೆ ಬಿತ್ತು.

ಆಹಾ! ಜಗತ್ತಿನಲ್ಲಿ ಆ ಮುಖದಷ್ಟು ನಿಷ್ಠುರವಾದ ಅಳತೆಗೋಲು ಇನ್ನೊಂದಿಲ್ಲ. ಮದುವೆಯಾದಾಗಿನಿಂದ ಮೈಕಣ್ಣ ಆ ಮುಖ ಓದಿಯೇ ಬದುಕಿದ್ದಾನೆ. ಅದು ಯಾರನ್ನೂ ಮೆಚ್ಚಿಸಲು ಅರಳಿದ್ದಿಲ್ಲ, ಯಾರಿಗೋ ಹೆದರಿ ಸಿಂಡರಿಸುವುದನ್ನು ಬಿಟ್ಟದ್ದೂ ಇಲ್ಲ. ಪೆನ್ಸಿಲು ಕೈಗೆತ್ತಿಕೊಂಡ. ಇನ್ನು ಹಾಡುವವರ ಕಡೆ ನೋಡುವ ಅಗತ್ಯವೇ ಇಲ್ಲ! ಕೈ ಆಡಿಸುವ ಯುವಕ ಮುಗಿಸುವಷ್ಟರಲ್ಲಿ ಅತ್ತೆ ಹುಳಿ ಕಚ್ಚಿದವರಂತೆ ಮುಖ ಕಿವುಚಿದ್ದರು. ಸೊನ್ನೆ. ಮುಂದಿನವನಿಗೆ ಕನ್ನಡಕ ತೆಗೆದು ಒರೆಸಿದರು. ಸೊನ್ನೆ. ಮತ್ತೊಬ್ಬಳಿಗೆ ಆಕಳಿಸಿದರು. ಸೊನ್ನೆಗಿಂತ ಕಡಿಮೆ ಅಂಕವಿದ್ದರೆ ಅದು.

ಎಲ್ಲರ ಕೊನೆಗೆ ಹಳದಿ ಸ್ವೆಟರಿನ ಒಬ್ಬ ನಡುವಯಸ್ಸಿನ ಹೆಂಗಸು ವೇದಿಕೆಗೆ ಬಂದಳು. ನಮಸ್ಕಾರವಿಲ್ಲ, ಕಣ್ಣು ಮುಚ್ಚುವುದಿಲ್ಲ, ಆಡಂಬರವಿಲ್ಲ. ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಮನೆಯವರ ಹತ್ತಿರ ಮಾತಾಡುವಷ್ಟು ಸಹಜವಾಗಿ ತುಟಿ ಆಡಿಸಿದಳು. ಒಂದು ಕೈಯನ್ನು ನಿಧಾನವಾಗಿ ಹಿಂಬದಿಗೆ ಚಾಚಿದಳು. ಎಂಥ ಭಾವ! ಎಂಥ ಸಂಯಮ!

ಮೈಕಣ್ಣ ಅತ್ತೆಯ ಕಡೆ ತಿರುಗಿದ. ಅತ್ತೆಯ ಮುಖ ಅರಳಿತ್ತು! ನಿಜವಾಗಿ ಅರಳಿತ್ತು! ಪಕ್ಕದಲ್ಲಿ ಆಗಿನಿಂದ ರಂಪ ಮಾಡುತ್ತಿದ್ದ ಕೂಸು ಬಾಯಿ ಮುಚ್ಚಿತ್ತು. ಎಡಗಡೆಯವರೂ ಬಲಗಡೆಯವರೂ ಒಂದೇ ಥರ ನಗುತ್ತಿದ್ದರು. ಅಷ್ಟೇ ಅಲ್ಲ, ಒಬ್ಬರ ಹಿಂದೊಬ್ಬರು ಎದ್ದು ನಿಂತರು. ಇಡೀ ಸಭೆ ಎದ್ದು ನಿಂತಿತು! ಮಂಡಿನೋವಿನ ಅತ್ತೆ, ಯಾರ ಆಸರೆಯೂ ಇಲ್ಲದೆ, ಎಲ್ಲರಿಗಿಂತ ಮೊದಲು ಎದ್ದಿದ್ದರು!

ಮೈಕಣ್ಣನ ಕಣ್ಣು ತುಂಬಿ ಬಂತು. ಇನ್ನು ತಡೆಯುವುದುಂಟೇ? ಒಂದೇ ನೆಗೆತಕ್ಕೆ ವೇದಿಕೆ ಏರಿ, ಆಕೆಯ ಕೈಯಿಂದ ಮೈಕು ಕಸಿದುಕೊಂಡ. ತನ್ನ ದನಿ ತನಗೇ ಕೇಳಿಸದ ಕಾರಣ, ಕೇಳಿಸುವಷ್ಟು ಎತ್ತರಕ್ಕೆ ಏರಿಸಿದ.

"ನಿಲ್ಲಿ! ಎಲ್ಲರೂ ನಿಲ್ಲಿ! ಮೊದಲನೇ ಬಹುಮಾನ ಈ ತಾಯಿಗೆ!"

ಹೊರಗೆ ಹೊರಟಿದ್ದ ಜನ ನಿಂತಲ್ಲೇ ಕಂಬವಾದರು.

"ಇಷ್ಟು ಹೊತ್ತು ಬಂದವರೆಲ್ಲ ಗಂಟಲಿನಿಂದ ಹಾಡಿದರು. ನಮ್ಮ ಕಿವಿಯವರೆಗೂ ಬಂದು ನಿಂತರು. ಈ ತಾಯಿಯ ಒಂದೊಂದು ಮಾತೂ ನೇರವಾಗಿ ನಮ್ಮ ಹೊಟ್ಟೆಗೇ ಹೋಗಿ ತಲುಪಿತು! ಎಡಗಡೆ, ಬಲಗಡೆ ಅಂತ ಕಿತ್ತಾಡೋ ಜನರನ್ನ ಒಟ್ಟಿಗೆ ಎಬ್ಬಿಸಿ ನಿಲ್ಲಿಸೋ ಶಕ್ತಿ ಇಲ್ಲಿ ಬೇರೆ ಯಾರಿಗಾದರೂ ಇತ್ತೇ? ಹೇಳಿ!"

ಹಳದಿ ಸ್ವೆಟರಿನವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಕಾರ್ಯದರ್ಶಿಯ ಬಾಯಿ ತೆರೆದೇ ಇತ್ತು. ಮರುಕ್ಷಣ ಎಡಗಡೆಯಿಂದ ಒಬ್ಬ ದಪ್ಪ ಮೀಸೆಯ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ಬಲಗಡೆಯಿಂದ ಟೈ ಕಟ್ಟಿದವನೊಬ್ಬ ನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಇನ್ನೂ ಜೋರಾಗಿ ನಕ್ಕರು. ಆಮೇಲೆ ಚಪ್ಪಾಳೆ! ಮೈಕಣ್ಣನಿಗೆ ಅದು ಕೇಳಲಿಲ್ಲ. ಕಾಲಡಿಯ ಹಲಗೆ ನಡುಗಿ ತಿಳಿಯಿತು. ಜನ ಕುರ್ಚಿಗಳನ್ನು ಎತ್ತಿದರು. ಮೈಕಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಎಸೆಯಲಿಲ್ಲ, ಒಂದು ಕುರ್ಚಿಯ ಮೇಲೆ ಅವನನ್ನೇ ಕೂರಿಸಿ, ಮೀಸೆಯವನು ಒಂದು ಕಡೆ, ಟೈಯವನು ಇನ್ನೊಂದು ಕಡೆ ಹಿಡಿದು, ಮೆರವಣಿಗೆ ಹೊರಡಿಸಿದರು!

ಬಹುಮಾನದ ಬೆಳ್ಳಿ ಬಣ್ಣದ ಬಟ್ಟಲು ಹಳದಿ ಸ್ವೆಟರಿನವಳ ಕೈ ಸೇರಿತು. ಕಾರ್ಯದರ್ಶಿ ಕಣ್ಣೊರೆಸಿಕೊಂಡು ಮೈಕಣ್ಣನನ್ನು ಅಪ್ಪಿಕೊಂಡ. ಮೆರವಣಿಗೆ ಹಿಂಬದಿಯ ಅಂಗಳಕ್ಕೆ ಬಂದು ಊಟದ ಸಾಲಿನ ಮುಂತುದಿಯಲ್ಲಿ ಅವನನ್ನು ಇಳಿಸಿತು. ಬಡಿಸಲು ಬಂದದ್ದು ಯಾರು? ಅದೇ ಹಳದಿ ಸ್ವೆಟರು! ಕಂಕುಳಲ್ಲಿ ಬಟ್ಟಲು, ಕೈಯಲ್ಲಿ ಸೌಟು. ಮೈಕಣ್ಣನ ಎದೆ ಕರಗಿಹೋಯಿತು. ಎಂಥ ಕಲಾವಿದೆ, ಎಂಥ ವಿನಯ! ಮೊದಲನೇ ಬಹುಮಾನ ಗೆದ್ದ ಮೇಲೂ ಸೌಟು ಹಿಡಿದು ನಿಂತಿದ್ದಾಳಲ್ಲ! ಆಕೆ ಎರಡು ಸಲ ಹೆಚ್ಚಿಗೆ ಬಡಿಸಿದಳು. ಅವನು ಎದ್ದು ನಿಂತು ಕೈಮುಗಿದ. ಸುತ್ತಲಿದ್ದವರು ಮತ್ತೆ ಬಿದ್ದು ಬಿದ್ದು ನಕ್ಕರು. ಸಂತೋಷಕ್ಕೆ, ಎಂದುಕೊಂಡ.

ಸಂಜೆ ಬಸ್ಸಿನಲ್ಲಿ ಮೈಕಣ್ಣ ಕಿಟಕಿಯ ಪಕ್ಕ ಮಹಾರಾಜನಂತೆ ಕೂತಿದ್ದ. ಒಮ್ಮೆ ಬಾಯಿ ಅಗಲಿಸಿ ಆಕಳಿಸಿದ. ಕಿವಿಯೊಳಗೆ ಟಪ್ ಎಂದಿತು. ಮೊದಲು ಎಂಜಿನ್ನಿನ ಗುರುಗುರು ಬಂತು, ಆಮೇಲೆ ಕಂಡಕ್ಟರನ ಸೀಟಿ. ಅದರ ಹಿಂದೆಯೇ ಅತ್ತೆಯ ದನಿ! ಹಿಂದಿನ ಸೀಟಿನಲ್ಲಿ ಪಕ್ಕ ಕೂತಿದ್ದ ಅಪರಿಚಿತ ಹೆಂಗಸಿಗೆ ಅವರು ಹೇಳುತ್ತಿದ್ದರು:

"ನಮ್ಮ ಅಳಿಯಂದ್ರು ಅಂದ್ರೆ ಸಾಮಾನ್ಯ ಅಲ್ಲಮ್ಮ. ವರ್ಷಗಟ್ಟಲೆ ಹೊಡೆದಾಡ್ತಿದ್ದ ಎರಡು ಮನೆಯವರನ್ನ ಒಂದೇ ಮಾತಿಗೆ ಒಂದು ಮಾಡಿದ್ರು. ಇಷ್ಟು ದಿನ ನಾನೇ ತಪ್ಪು ತಿಳಿದಿದ್ದೆ."

ಕಿವಿ ಬಂದ ಮೇಲೆ ಕೇಳಿದ ಮೊದಲ ಮಾತು ಇದು! ಮೈಕಣ್ಣನಿಗೆ ಬಸ್ಸಿನ ಚಾವಣಿ ತಲೆಗೆ ತಾಗಿದಂತಾಯಿತು.

"ಮುಂದಿನ ವರ್ಷನೂ ನೀವೇ ತೀರ್ಪುಗಾರರಂತೆ," ಎಂದಳು ಹೆಂಡತಿ. "ಮೈಕೂ ನಿಮ್ಮ ಅಂಗಡಿದೇ ಬೇಕಂತೆ. ಆ ಕಾರ್ಯದರ್ಶಿ ನಾಲ್ಕು ಸಲ ಹೇಳಿದ, ನೀವು ನಾಲ್ಕು ಸಲನೂ ನೋಡೋಣ ಅಂದ್ರಿ. ಎಷ್ಟು ಗತ್ತು!"

"ಕಲೆ ಇರೋ ಕಡೆ ನಾನು ಇರಲೇಬೇಕಲ್ಲ," ಎಂದ ಮೈಕಣ್ಣ, ಕಾಲು ನೀಡಿ. ಆಮೇಲೆ ಸುಮ್ಮನಿರಬಾರದೇ? ಗೆಲುವಿನ ಅಮಲು ಬಾಯಿ ಬಿಡಿಸಿತು. "ಅದಿರಲಿ, ಆ ಹಳದಿ ಸ್ವೆಟರಿನವಳು ಹಾಡಿದ್ಳಲ್ಲ... ಅದು ಯಾವ ಹಾಡು?"

ಹೆಂಡತಿ ಅವನನ್ನೇ ದಿಟ್ಟಿಸಿ ನೋಡಿದಳು.

"ಹಾಡಾ?"

"ಹೂಂ. ಜನ ಎದ್ದು ನಿಂತ್ರಲ್ಲ, ಆ ಹಾಡು."

"ರೀ," ಎಂದಳು ಹೆಂಡತಿ, ಒಂದೊಂದೇ ಪದ ಇಳಿಸುತ್ತ, "'ಊಟ ತಯಾರಿದೆ, ಎಲ್ಲರೂ ಸಾಲಾಗಿ ಹಿಂಬದಿಗೆ ಬನ್ನಿ, ಕೈತೊಳೆಯೋ ನೀರು ಬಲಗಡೆ ಇದೆ.' ಅವಳು ಹೇಳಿದ್ದು ಇಷ್ಟೇ. ಅವಳು ಅಡುಗೆಯವಳು!"

ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಮೈಕಣ್ಣ ಇಳಿದವನು ಏಳಲಿಲ್ಲ.

"ನೀವು ಬೇಕಂತಲೇ ತಮಾಷೆಗೆ ಹಾಗೆ ಮಾಡಿದ್ರಿ ಅಂತ ಊರಿಗೆ ಊರೇ ಕೊಂಡಾಡ್ತಿದೆ. ಡಾಕ್ಟರು, ಮ್ಯಾನೇಜರು ಇಬ್ರೂ 'ನಮಗೆ ಸರಿಯಾಗಿ ಬುದ್ಧಿ ಹೇಳಿದ್ರು' ಅಂದ್ರು. ರೀ... ನಿಜ ಹೇಳಿ. ಗೋಪುರದ ಮೇಲಿಂದ ಇಳಿದ ಮೇಲೆ ನಿಮಗೆ ಕಿವಿ..."

ಮೈಕಣ್ಣ ಕಿಟಕಿಯಾಚೆ ನೋಡಿದ. ಅವನ ಕೆಂಪೇರಿದ ಕಿವಿಗಳೇ ಉತ್ತರ ಹೇಳಿದವು. ಹೆಂಡತಿ ಕೈಚೀಲಕ್ಕೆ ಮುಖ ಒತ್ತಿಕೊಂಡು ಕುಲುಕಿ ಕುಲುಕಿ ನಗತೊಡಗಿದಳು. ಮಗಳು ಯಾಕೆ ಏನು ಎಂದು ಕೇಳದೆಯೇ ಜೊತೆಗೂಡಿದಳು. ಹಿಂದಿನ ಸೀಟಿನ ಅಪರಿಚಿತ ಹೆಂಗಸು ಕೂಡ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು.

ಅತ್ತೆ ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ, ಗ್ರಂಥಾಲಯದ ದನಿಯಲ್ಲಿ ಅಳಿಯನ ಕಿವಿಯ ಹತ್ತಿರವೇ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ, ನಿಮ್ಮ ತೀರ್ಪೇನೂ ತಪ್ಪಿಲ್ಲ. ಇವತ್ತು ಆ ಮೈಕಿನ ಮುಂದೆ ಬಾಯಿ ತೆರೆದವರಲ್ಲಿ ಅಪಸ್ವರ ಇಲ್ಲದೆ ಮುಗಿಸಿದೋಳು ಅವಳೊಬ್ಬಳೇ. ನಿಮ್ಮನ್ನೂ ಸೇರಿಸಿಯೇ ಹೇಳ್ತಿದ್ದೀನಿ!"